ಹಗಲು ಮಲಗುವವರ ಕಿಟಕಿ

ಈಗಿನ ಮನೆಗಳಿಗೆ ಜಾರುವ ಗಾಜಿನ ಕಿಟಕಿಯೇ ಚೆಂದ ಎಂದು ಎಲ್ಲರೂ ಹೇಳಿದರು. ಹೊಸಪೇಟೆಯ ನಮ್ಮ ಹೊಸ ಮನೆಗೂ ಅದೇ ಬಂತು. ನೋಡಲು ಮಸ್ತಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಮನೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಊರೆಲ್ಲ ಎದ್ದು ಹಲ್ಲುಜ್ಜುವಾಗ ಅವರು ಬಸ್ಸಿಳಿದು ಬಂದು ಮಲಗಬೇಕು. ಮಲಗುವ ಕೋಣೆಯ ಕಿಟಕಿ ಬೀದಿಗೇ ಇದೆ.

ಗಾಜು ಬೆಳಕು ತಡೆಯಲಿಲ್ಲ. ದಪ್ಪ ಪರದೆ ಹಾಕಿದರೆ ಕೋಣೆ ಭಟ್ಟಿಯಾಯಿತು. ಕೊನೆಗೆ ಗಾಜು ತೆಗೆಸಿ ಮರದ ಕದ ಕೂರಿಸಿ, ಪೂರ್ತಿ ಮುಚ್ಚಿದೆ. ಆಗ ಶುರುವಾಯಿತು ನೋಡಿ. ನಮ್ಮ ಓಣಿಯಲ್ಲಿ ಹಗಲು ಹೊತ್ತು ಬೀದಿ ಕಿಟಕಿ ಮುಚ್ಚಿದ್ದರೆ ಆ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದೇ ಅರ್ಥ. ಎದುರುಮನೆಯ ಅಕ್ಕ ಬಾಗಿಲು ಬಡಿದು ಎಲ್ಲರೂ ಆರಾಮಿದ್ದೀರಾ ಎಂದು ಕೇಳುವರು. ಅವರು ಹೋದರೆ ಹೂವಿನವಳು. ರಾತ್ರಿ ಪಾಳಿ ಎಂದು ಹೇಳಿದಾಗ ತಲೆಯಾಡಿಸುತ್ತಾರೆ. ಮರುದಿನ ಮುಚ್ಚಿದ ಕಿಟಕಿ ಕಂಡರೆ ಮತ್ತೆ ಅದೇ ಕಾಳಜಿ. ಪ್ರೀತಿಯಿಂದ ಬಂದವರಿಗೆ ಬೈಯುವುದಾದರೂ ಹೇಗೆ?

ಒಂದು ಬೆಳಿಗ್ಗೆ ಇವರು ಬುತ್ತಿ ಡಬ್ಬಿ ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಕ್ರೇನ್‌ನ್ಯಾಗ ಕುಂತಾಗ ಒಂದ್ ಗಳಿಗಿ ಕಣ್ಣು ಹತ್ತಿತ್ತು. ಕೆಳಗ ಮಂದಿ ಇದ್ರು."

ಯಾರಿಗೂ ಏನೂ ಆಗಿರಲಿಲ್ಲ. ಆದರೂ ಅಂದಿನಿಂದ ಅವರು ಪಾಳಿಗೆ ಹೋದ ಮೇಲೆ ನನಗೂ ನಿದ್ದೆ ಇಲ್ಲ.

ಹಾಗೆ ಹೊರಳಾಡುವಾಗಲೇ ಎಮ್ಮಿಗನೂರಿನ ತವರುಮನೆ ನೆನಪಾಯಿತು. ಅಲ್ಲಿಯ ಕಿಟಕಿಗೆ ನಾಲ್ಕು ಕದ, ಮೇಲೆರಡು, ಕೆಳಗೆರಡು. ಬಾಣಂತಿ ಒಳಗಿದ್ದರೆ ಗಾಳಿ ಬಡಿಯಬಾರದೆಂದು ಕೆಳಗಿನವನ್ನು ಮುಚ್ಚಿ, ಮೇಲಿನವನ್ನು ತೆರೆದಿಡುತ್ತಿದ್ದರು. ಅದನ್ನು ಕಂಡವರು ಬಾಗಿಲು ತಟ್ಟದೆ, ದನಿ ತಗ್ಗಿಸಿ ಹೋಗುತ್ತಿದ್ದರು. ಬಡಗಿಯನ್ನು ಕರೆಸಿ, ಒಂದೊಂದು ಕದವನ್ನೂ ನಡುವೆ ಅಡ್ಡಲಾಗಿ ಕೊಯ್ಯಿಸಿ ಎರಡು ಮಾಡಿಸಿದೆ. ಗೋಡೆಗೆ ಒಪ್ಪುವಂತೆ ಬೂದು ಬಣ್ಣ ಹೊಡೆಸಿದೆ. ಮದುಮಗನಿಗೆ ಅಜ್ಜನ ರುಮಾಲು ಸುತ್ತಿದಂತಾಯಿತು ಎಂದು ನೆಂಟರು ನಕ್ಕರು. ನಗಲಿ, ಪಾಳಿಗೆ ಹೋಗುವವರು ಅವರಲ್ಲವಲ್ಲ.

ಮೊದಲ ದಿನ ಕೆಳಗಿನವನ್ನು ಮುಚ್ಚಿ, ಮೇಲಿನವನ್ನು ತೆರೆದು, ಹೊರಗೆ ಮೆಟ್ಟಿಲ ಮೇಲೆ ಕಾವಲು ಕುಳಿತೆ. ಮಂಚಕ್ಕೆ ನೆರಳು, ಮೇಲಿನಿಂದ ಗಾಳಿ. ಯಾರೂ ಬಾಗಿಲು ಬಡಿಯಲಿಲ್ಲ. ಮಧ್ಯಾಹ್ನ ಎದುರುಮನೆಯ ಅಕ್ಕ ಸದ್ದಾಗದಂತೆ ಗೇಟು ಸರಿಸಿ ಬಂದು, ನನ್ನ ಕಿವಿಯ ಹತ್ತಿರ ಬಾಗಿದರು.

"ಯಾರ್ರೀ ಬಾಣಂತಿ? ಮಗಳು ಬಂದಾಳೇನು?"

"ಇಲ್ಲಕ್ಕಾ, ನಮ್ಮ ಮನಿಯವ್ರು."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಮೈಯೆಲ್ಲ ಕುಲುಕಿಸಿ ನಕ್ಕರು. ಆಮೇಲೆ ತಾವೇ ಬೀದಿಗಿಳಿದು, ತರಕಾರಿ ಗಾಡಿಯವನಿಗೆ ಕೂಗಬ್ಯಾಡ ಎಂದು ಕೈಸನ್ನೆ ಮಾಡಿದರು. ಮೇಲಿನ ಕದಗಳಿಂದ ಗೊರಕೆ ಕೇಳುತ್ತಿತ್ತು. ಮದುವೆಯಾದಾಗಿನಿಂದ ನಾನು ಬೈದುಕೊಂಡೇ ಬಂದ ಗೊರಕೆ ಅದು. ಅಂದು ಎಷ್ಟು ಕೇಳಿದರೂ ಸಾಕೆನಿಸಲಿಲ್ಲ.

ರಾತ್ರಿ ಅವರು ಬಸ್ಸು ಹತ್ತುವಾಗ ಕಣ್ಣು ಕೆಂಪಾಗಿರಲಿಲ್ಲ. ಮನೆಗೆ ಬಂದು ದೀಪ ಆರಿಸಿ, ನಾನೂ ಮಲಗಿ ನಿದ್ದೆಹೋದೆ.