ಮೂರರಿಂದ ಭಾಗವಾಗದ ಲಕ್ಷ

ಪ್ಲೇಗಿಗೆ ಅಂಜಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ನಾವು ಬೈಲಹೊಂಗಲಕ್ಕೆ ಮರಳಿದ ವರ್ಷವೇ ತಂಗಿ ಹಾಸಿಗೆ ಹಿಡಿದಳು. ‘ನನ್ನ ಮೂರೂ ಹೆಣ್ಣುಮಕ್ಕಳು ಸಮಸಮ ಹೊಸೆದ ಲಕ್ಷ ಬತ್ತಿ ಕಾರ್ತಿಕದಲ್ಲಿ ಉರಿಸುತ್ತೇನೆ, ಇವಳನ್ನು ಉಳಿಸು’ ಎಂದು ಅವ್ವ ಈಶ್ವರನ ಗುಡಿಯಲ್ಲಿ ಸೆರಗೊಡ್ಡಿ ಬೇಡಿಕೊಂಡು ಬಂದಳು. ನಮ್ಮಲ್ಲಿ ಅರಳೆಗೇನು ಬರ? ಹೊಲದ ಹತ್ತಿಯನ್ನೇ ಬೀಜ ಬಿಡಿಸಿ ಮೂರು ಬುಟ್ಟಿಗೆ ತುಂಬಿಟ್ಟಳು. ಓದು ಬಾರದ ಅವ್ವನಿಗೆ ಲಕ್ಷವೆಂದರೆ ಬಹಳ ಎಂದಷ್ಟೇ ಗೊತ್ತು.

ತಪ್ಪು ಹಿಡಿದವಳು ತಂಗಿ. ಜ್ವರದಲ್ಲೂ ಪಾಟಿ-ಬಳಪ ಬಿಡದ ಹುಡುಗಿ. ಲಕ್ಷವನ್ನು ಮೂರರಿಂದ ಭಾಗಿಸಿದಳು. ತಲೆಗೆ ಮೂವತ್ಮೂರು ಸಾವಿರದ ಮುನ್ನೂರ ಮೂವತ್ಮೂರು ಬಂದು, ಮೇಲೆ ಒಂದು ಉಳಿಯಿತು. ಅಳಿಸಿ ಮತ್ತೆ ಮಾಡಿದಳು. ಹತ್ತು, ನೂರು, ಸಾವಿರ, ಕೋಟಿ, ಯಾವುದನ್ನು ಭಾಗಿಸಿದರೂ ಅದೇ ಒಂದು. ನಾನು ನಡುವಿನವಳು, ನಾಲ್ಕಕ್ಷರ ಕಲಿತವಳು, ಬಾಯಿ ಬೇರೆ ಜೋರು. ಒಂದರ ಮುಂದೆ ಎಷ್ಟು ಸೊನ್ನೆ ಇಟ್ಟರೂ, ಅದರಲ್ಲಿ ಒಂದು ಕಳೆದರೆ ಬರೀ ಒಂಬತ್ತುಗಳೇ ಉಳಿಯುತ್ತವೆ. ಒಂಬತ್ತು ಮೂರರಿಂದ ಸರಿಯಾಗಿ ಹೋಗುತ್ತದೆ, ಕಳೆದ ಆ ಒಂದು ಮಾತ್ರ ಎಲ್ಲಿಗೂ ಹೋಗುವುದಿಲ್ಲ ಎಂದು ಜಾಣತನ ತೋರಿಸಿದೆ. ಅವಳ ಮುಖ ಸಣ್ಣದಾಯಿತು.

“ಹಂಗಾರ ಅವ್ವನ ಹರಕಿ ಸಮ ಆಗೂದ ಇಲ್ಲ. ದೇವ್ರು ಒಪ್ಪತಾನೇನ?”

ದೇವರೇನು ಸಾಲಿ ಮಾಸ್ತರನೇ, ಸುಮ್ಮನೆ ಹೊಸಿ ಎಂದು ರೇಗಿದೆ. ರೇಗಿದ್ದು ಹೆದರಿಕೆಯಿಂದ. ಕಿತ್ತೂರಿನಿಂದ ಬಂದ ವೈದ್ಯರು ಅವಳ ನಾಡಿ ಹಿಡಿದು, ಅಪ್ಪನನ್ನು ಹೊರಗೆ ಕರೆದದ್ದನ್ನು ನಾನು ನೋಡಿದ್ದೆ. ಕೊನೆಯ ಬತ್ತಿಯನ್ನು ಮೂವರೂ ಕೈಗೂಡಿಸಿ ಹೊಸೆದರಾಯಿತು ಎಂದು ಅಕ್ಕ ಅವ್ವನಿಗೂ ಕೇಳುವಂತೆ ಸಮಾಧಾನ ಹೇಳಿದಳು. ತಂಗಿಗೆ ಆ ಮಾತು ಹಿಡಿಸಿತು. ಮುಂದೆ ದಿನಾ ಗೋಡೆಗೆ ಒರಗಿ ಕೂತು ಹೊಸೆದೇ ಹೊಸೆದಳು. ನಾವು ಕದ್ದು ನಮ್ಮ ಬತ್ತಿಗಳನ್ನು ಅವಳ ಬುಟ್ಟಿಗೆ ಹಾಕಿದರೆ, ಆರಿಸಿ ತಿರುಗಿ ನಮ್ಮತ್ತಲೇ ಎಸೆಯುತ್ತಿದ್ದಳು. ಅವಳ ಹೊಸೆತ ನಮ್ಮದಕ್ಕಿಂತ ಸಣ್ಣದು, ಬಿಗಿ, ಗುರುತು ಸಿಕ್ಕಿಬಿಡುತ್ತಿತ್ತು. ಅಂಥಾ ಹಟಮಾರಿ.

ಕಾರ್ತಿಕ ಹತ್ತುವ ಮೊದಲೇ, ಸೀಗಿ ಹುಣ್ಣಿಮೆಗೂ ಮುಂಚೆ ಹೋದಳು. ಅವಳು ಹೊಸೆದ ಬತ್ತಿಗಳನ್ನೆಲ್ಲ ಅವಳ ಮಗ್ಗುಲಲ್ಲೇ ಇಟ್ಟು ಮಣ್ಣು ಮಾಡಿದರು.

ದಿನಕರ್ಮ ಮುಗಿದ ಮೇಲೆ ಅಪ್ಪ ಉಳಿದ ಬುಟ್ಟಿಗಳನ್ನು ಅಟ್ಟಕ್ಕೆ ಏರಿಸಹೊರಟರು. ಅವ್ವ ತಡೆದಳು. ಹೊತ್ತ ಹರಕೆಯನ್ನು ಅರ್ಧಕ್ಕೆ ಬಿಡಬಾರದಂತೆ. ಇನ್ನು ಯಾರಿಗಾಗಿ ಉರಿಸುತ್ತೀ, ಆ ದೇವರಿಗೆ ಕಣ್ಣಿದೆಯೇ ಎಂದು ನಾನು ಕೂಗಾಡಿದೆ. ಅಕ್ಕ ನನ್ನ ಕೈ ಜಗ್ಗಿ ಕೂರಿಸಿದಳು. ಅವ್ವ ಒಂದು ಬುಟ್ಟಿ ಅಕ್ಕನ ಮುಂದೆ, ಒಂದು ನನ್ನ ಮುಂದೆ ಇಟ್ಟಳು.

“ಅರ್ಧಾ ಲಕ್ಷ ನೀ ಹೊಸಿ, ಅರ್ಧಾ ಲಕ್ಷ ನಿಮ್ಮಕ್ಕ ಹೊಸೀಲಿ. ಈಗ ಸಮ ಬರತೈತಿ.”

ತಾನು ಆಡಿದ್ದೇನೆಂದು ಅವಳಿಗೆ ಆಮೇಲೆ ತಿಳಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದು ಕೂತಳು.