ಗೌರಿಯ ಹೊಟ್ಟೆಯೊಳಗಿನ ಚೀಲಗಳು

ಇವತ್ತು ಹುಮನಾಬಾದಿನ ತರಕಾರಿ ಬಜಾರದಲ್ಲಿ ಆಕಳೊಂದು ಪ್ಲಾಸ್ಟಿಕ್ ಚೀಲವನ್ನು ಸಿಪ್ಪೆ ಸಮೇತ ಅಗಿಯುತ್ತಿತ್ತು. ನೋಡಿದ್ದೇ ತಡ, ರಾಜೇಶ್ವರದ ನಮ್ಮ ಮನೆಯ ಗೌರಿ ನೆನಪಾದಳು.

ಗೌರಿ ನಮ್ಮ ಆಕಳು. ನಾನು ಚಿಕ್ಕವಳಿದ್ದಾಗ ಒಮ್ಮೆ ಅವಳು ಮೇವು ಬಿಟ್ಟಳು. ಎಡಗಡೆ ಹೊಟ್ಟೆ ಉಬ್ಬಿ ನಗಾರಿಯಂತಾಯಿತು. ಅಪ್ಪ ಕಲ್ಯಾಣದಿಂದ ದನದ ಡಾಕ್ಟರನ್ನು ಕರೆತಂದ.

"ಉಳೀತದೇನ್ರಿ?" ಅವ್ವ ಕೇಳಿದಳು.

"ಹೊಟ್ಟಿ ಕೊಯ್ದು ನೋಡಬೇಕ್ರಿ. ಈಗ ಏನೂ ಹೇಳಾಕ ಬರಂಗಿಲ್ಲ," ಅಂದರು ಡಾಕ್ಟರು.

ಸೂಜಿ ಚುಚ್ಚಿ, ಗೌರಿಯನ್ನು ಬೇವಿನ ಮರಕ್ಕೆ ಬಿಗಿದು, ನಿಂತಲ್ಲೇ ಪಕ್ಕೆ ಕೊಯ್ದರು. ಅಪ್ಪ ಕೊಂಬು ಹಿಡಿದಿದ್ದ. ಡಾಕ್ಟರು ಮೊಳಕೈವರೆಗೆ ಕೈ ಹಾಕಿ ಎಳೆದಷ್ಟೂ ಚೀಲಗಳೇ ಬಂದವು. ಕೆಲವು ಚೀಲಗಳ ಗಂಟು ಕಟ್ಟಿದ ಹಾಗೇ ಇತ್ತು.

ಅವ್ವ ಆ ಗಂಟುಗಳನ್ನೇ ನೋಡುತ್ತಿದ್ದಳು. "ಸಿಪ್ಪಿ ಹಿಂಗ ಕಟ್ಟಿ ತಿಪ್ಪಿಗೆ ಒಗಿಯಾಕಿ ನಾನೇ ರೀ," ಅಂದಳು.

ಡಾಕ್ಟರು ಹೊಲಿಗೆ ಹಾಕಿ ಹೋದ ಮೇಲೂ ಗೌರಿ ತಲೆ ಎತ್ತಲಿಲ್ಲ. ಅವ್ವ ಅವಳ ಪಕ್ಕದಲ್ಲೇ ಕೂತು, ತನ್ನ ಹಳೆಯ ಸೀರೆ ಹರಿದು ಸಂತೆಯ ಚೀಲ ಹೊಲಿದಳು. ಸಿಪ್ಪೆಗೆಂದೇ ಬೇರೆ ಬುಟ್ಟಿ ಇಟ್ಟಳು. ಕೊನೆಗೊಂದು ಮುಂಜಾನೆ ಗೌರಿ ಅವ್ವನ ಕೈಯಿಂದ ಹಸಿ ಹುಲ್ಲು ಎಳೆದುಕೊಂಡಳು. ಆಗ ಅವ್ವ ಅತ್ತಳು.

ನನ್ನ ಮನೆಯಲ್ಲೂ ಈಗ ಸಿಪ್ಪೆ ಬೇರೆ, ಪ್ಲಾಸ್ಟಿಕ್ ಬೇರೆ. "ಯಾಕವ್ವ ಇಷ್ಟೆಲ್ಲ ತ್ರಾಸು?" ಅಂತ ಮಗಳು ಗೊಣಗುತ್ತಾಳೆ. ಇವತ್ತು ಅವಳನ್ನು ಕೂಡಿಸಿಕೊಂಡು ಇದನ್ನೆಲ್ಲ ಹೇಳಿದೆ. ಎದ್ದು ಹೋದವಳು, ಸಿಪ್ಪೆಯ ಬುಟ್ಟಿಯೊಳಗೆ ಕೈ ಹಾಕಿ, ಬೆಳಿಗ್ಗೆ ತಾನೇ ಎಸೆದಿದ್ದ ಹಾಲಿನ ಪಾಕೀಟನ್ನು ಹೊರಗೆ ತೆಗೆದಳು.