ಮುಬಾಶಿರಾಳ ಕದ್ದ ಪ್ರೋಗ್ರಾಂ

ಕುಷ್ಟಗಿಯಲ್ಲಿ ರವಿಕೆ ಹೊಲಿಯುವವರಿಗೇನೂ ಬರವಿಲ್ಲ. ಆದರೆ ಹೊಲಿದು ಉಳಿದ ಚೂರನ್ನೂ ಮಡಚಿ ಗಿರಾಕಿಯ ಕೈಗೆ ವಾಪಸು ಕೊಡುವವಳು ಮುಬಾಶಿರಾ ಒಬ್ಬಳೇ. ಅಂಗೈಯಗಲ ಜರಿ ಉಳಿದರೂ ಅದು ಗಿರಾಕಿಯದ್ದೇ. "ಇಷ್ಟು ನಿಯತ್ತಿನಾಕಿನ್ನ ನಾ ಎಲ್ಲೂ ನೋಡಿಲ್ಲ ಬಿಡ್ರಿ" ಎಂದು ಪಕ್ಕದ ಮನೆಯ ಶಾಂತಕ್ಕ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾದವಳು, ದನಿಯೂ ದೊಡ್ಡದು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮುಬಾಶಿರಾ ತಲೆ ತಗ್ಗಿಸುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡರು. ವಿನಯ ಗಿನಯ ಏನೂ ಅಲ್ಲ. ತಾನೊಬ್ಬ ಕಳ್ಳಿ ಎಂದು ಅವಳು ಗಟ್ಟಿಯಾಗಿ ನಂಬಿಕೊಂಡಿದ್ದಳು.

ಹುಟ್ಟಿದ್ದು ಸಿದ್ದಾಪುರದಲ್ಲಿ. ಚಿಕ್ಕಮ್ಮ ಲಾಲಬೀಯ ಮಗ್ಗುಲಲ್ಲಿ ಕೂತು, ಸೂಜಿಗೆ ದಾರ ಪೋಣಿಸಿಕೊಡುತ್ತಲೇ ಕೆಲಸ ಕಲಿತಳು. ಮದುವೆಯಾಗಿ ಕುಷ್ಟಗಿಗೆ ಬಂದ ಮೇಲೆ ಮೊದಲು ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು, ಆಮೇಲೆ ರವಿಕೆ. ನಾಲ್ಕು ವರ್ಷದ ಹಿಂದೆ ಗಂಡ ಅಕ್ಬರನ ಗೂಡ್ಸ್ ಗಾಡಿಯಲ್ಲಿ ಗಂಗಾವತಿಯಿಂದ ಒಂದು ಹಳೆಯ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಬಂದು ಮುಂದಿನ ಕೋಣೆಯಲ್ಲಿ ಕೂತಿತು. ಲ್ಯಾಪ್‌ಟಾಪಿನಲ್ಲಿ ನವಿಲು ಬಿಡಿಸಿಕೊಟ್ಟರೆ ಯಂತ್ರ ಅದನ್ನು ರವಿಕೆಯ ತೋಳಿನ ಮೇಲೆ ಹೊಲಿಯುತ್ತದೆ. ಬಿಡಿಸುವ ಪ್ರೋಗ್ರಾಂ ಹಾಕಿಕೊಟ್ಟವನು ಯಂತ್ರ ಮಾರಿದ ಜಾಕೀರ.

"ಇದಕ್ಕ ರಸೀದಿ ಕೊಡಂಗಿಲ್ಲೇನ್ರಿ ಭಾಯಿ?" ಎಂದು ಮುಬಾಶಿರಾ ಅಂದೇ ಕೇಳಿದ್ದಳು.

"ಇಂಥಾದಕ್ಕೆಲ್ಲಾ ಎಲ್ಲಿ ರಸೀದಿ ಆಪಾ! ಸುಮ್ನ ಬಳಸ್ರಿ. ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ" ಎಂದಿದ್ದ ಜಾಕೀರ.

ಅಲ್ಲಿಗೆ ಅವಳ ನೆಮ್ಮದಿ ಮುಗಿಯಿತು. ಬಾಗಿಲಲ್ಲಿ ಗುರುತಿಲ್ಲದವರ ನೆರಳು ಬಿದ್ದರೆ ಸಾಕು, ಒಂದು ಹಸಿರು ದುಪಟ್ಟಾ ಹಾರಿ ಬಂದು ಲ್ಯಾಪ್‌ಟಾಪಿನ ಮೇಲೆ ಕೂರುತ್ತಿತ್ತು. ಒಮ್ಮೆ ಮತದಾರರ ಪಟ್ಟಿ ನೋಡಲು ಬಂದ ಸಾಲಿ ಮಾಸ್ತರರ ಕೊರಳಲ್ಲಿ ಗುರುತಿನ ಚೀಟಿ ಕಂಡದ್ದೇ ತಡ, ಯಂತ್ರದ ಪ್ಲಗ್ಗನ್ನೇ ಕಿತ್ತಳು. ಪಾಪ, ಆ ನವಿಲಿಗೆ ಗರಿಯೇ ಬರಲಿಲ್ಲ. ಗಿರಾಕಿಗೆ ಹೊಸ ಬಟ್ಟೆ ತಂದು ಹೊಲಿದು ಕೊಡಬೇಕಾಯಿತು.

ಈ ಸಲ ದೀಪಾವಳಿ ಮುಗಿದು ಮದುವೆ ರವಿಕೆಗಳು ಬರತೊಡಗಿದ್ದವು. ಒಂದು ಬೆಳಿಗ್ಗೆ ಪ್ರೋಗ್ರಾಂ ತೆರೆದಾಗ ಎಂದಿನಂತೆ ಅದನ್ನು ತಯಾರಿಸಿದವರ 'ಬಳಗದ ಸುದ್ದಿ'ಯ ಕಿಟಕಿ ತೆರೆದುಕೊಂಡಿತು. ಇಂಗ್ಲಿಷಿನ ಗೊಡವೆ ಬೇಡವೆಂದು ಅವಳು ಅದನ್ನು ದಿನಾ ಮುಚ್ಚಿಬಿಡುತ್ತಿದ್ದಳು. ಅಂದು ಕೈ ಅಲ್ಲೇ ನಿಂತಿತು. ಸುದ್ದಿಯ ನಡುವೆ ತನ್ನದೇ ಯಂತ್ರದ ಚಿತ್ರ! ಫೋನನ್ನು ಅದರ ಮುಂದೆ ಹಿಡಿದಳು. ಫೋನು ತನಗೆ ಬಂದಂಥ ಕನ್ನಡದಲ್ಲಿ ಓದಿ ಹೇಳಿತು: "ಈ ಹಳೆಯ ಯಂತ್ರವನ್ನು ಇನ್ನೂ ಯಾರಾದರೂ ಬಳಸುತ್ತಿದ್ದಾರೆಯೇ? ಬಳಸುವವರು ದಯವಿಟ್ಟು ಮುಂದೆ ಬನ್ನಿ. ಯಾರೂ ಮಾತನಾಡದಿದ್ದರೆ ಮುಂದಿನ ಆವೃತ್ತಿಯಿಂದ ಇದನ್ನು ಕೈಬಿಡುತ್ತೇವೆ."

ಮುಬಾಶಿರಾ ದುಪಟ್ಟಾ ಎಳೆದು ಲ್ಯಾಪ್‌ಟಾಪಿನ ಮೇಲೆ ಹೊಚ್ಚಿದಳು. ಆ ಪ್ರೋಗ್ರಾಂ ತಾನಾಗಿಯೇ ಹೊಸದಾಗುತ್ತಿತ್ತು, ತಡೆಯುವುದು ಅವಳಿಗೆ ತಿಳಿಯದು. ಸುಮ್ಮನಿದ್ದರೆ ಹೊಸ ಪ್ರೋಗ್ರಾಂ ಯಂತ್ರಕ್ಕೆ ಹೊಂದದೆ ಅದು ಗುಜರಿಗೆ. ಬಾಯಿ ಬಿಟ್ಟರೆ ತಾನೇ ಹೋಗಿ ಸಿಕ್ಕಿಬಿದ್ದಂತೆ. ಅಕ್ಬರನನ್ನು ಕೇಳಿದರೆ, "ಸುಮ್ನಿರು, ಹಿಡ್ಯಾಕ ಬೀಸಿದ ಜಾಲ ಅದು" ಎಂದು ಗಾಡಿ ಹತ್ತಿ ಹೋದ.

ಮಧ್ಯಾಹ್ನ ಶಾಂತಕ್ಕ ತನ್ನ ಸೊಸೆಯ ಸೀಮಂತದ ರವಿಕೆ ನೋಡಲು ಬಂದಳು. ನೋಡಿದವಳೇ ಹೌಹಾರಿದಳು.

"ಇದೇನವಾ, ನವಿಲಿಗೆ ಕೆಂಪು ಕುತಗಿ?"

ಗಾಬರಿಯಲ್ಲಿ ನೀಲಿಯ ಬದಲು ಕೆಂಪು ದಾರ ಪೋಣಿಸಿದ್ದ ಮುಬಾಶಿರಾಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ನಾಲ್ಕು ವರ್ಷ ಅದುಮಿಟ್ಟದ್ದು ಒಂದೇ ಉಸಿರಿಗೆ ಹೊರಬಂತು. ರಸೀದಿ, ಜಾಕೀರ, ದುಪಟ್ಟಾ, ಇಂದಿನ ಸುದ್ದಿ, ಎಲ್ಲವೂ. ಶಾಂತಕ್ಕ ಪೂರ್ತಿ ಕೇಳಿದಳು. ಕೇಳಿ ನಗತೊಡಗಿದಳು.

"ಅಲ್ಲವಾ, ಕಳ್ಳರನ್ನ ಹುಡುಕಾವ್ರು 'ದಯವಿಟ್ಟು' ಅಂತಾರೇನು? ಮಾಲಿನ ಧಣಿ ಮನಿಗೆ ಬಂದು, ಕದ್ದದ್ದು ನಿನಗಿನ್ನೂ ಬೇಕೇನವಾ ಅಂತ ಕೇಳೂದು ಎಲ್ಲಿಯರ ಐತೇನು?"

"ಮತ್ತ ಅವರು ಯಾಕ ಕೇಳಾಕತ್ತ್ಯಾರ ಅಕ್ಕಾರ?"

"ಅದನ್ನ ಅವರನ್ನ ಕೇಳು. ನನ್ನ ಯಾಕ ಕೇಳ್ತಿ?"

ಅಲ್ಲೇ ಕೂತು ಮುಬಾಶಿರಾ ಸುದ್ದಿಯಲ್ಲಿದ್ದ ವಿಳಾಸಕ್ಕೆ ಫೋನಿನಿಂದ ಕನ್ನಡದಲ್ಲೇ ಬರೆದಳು: "ನಾನು ಕುಷ್ಟಗಿಯ ಮುಬಾಶಿರಾ. ಈ ಯಂತ್ರ ನನ್ನ ಹತ್ತಿರ ಇದೆ. ನಿಮ್ಮ ಪ್ರೋಗ್ರಾಂ ಕದ್ದು ಬಳಸಿದ್ದೇನೆ, ತಪ್ಪಾಯಿತು. ಏನು ಶಿಕ್ಷೆ ಬೇಕಾದರೂ ಕೊಡಿ, ಯಂತ್ರವನ್ನು ಮಾತ್ರ ಕೈಬಿಡಬೇಡಿ." ಕೆಳಗೆ ಯಂತ್ರದ ಫೋಟೋ ಹಾಕಿದಳು. ಕಳಿಸುವ ಗುಂಡಿ ಒತ್ತಲು ಬೆರಳು ಏಳಲಿಲ್ಲ. ಶಾಂತಕ್ಕನೇ ಬಗ್ಗಿ ಒತ್ತಿದಳು. ಮುಬಾಶಿರಾ ಫೋನನ್ನು ಒಯ್ದು ಜೋಳದ ಡಬ್ಬಿಯ ಹಿಂದೆ ಇಟ್ಟುಬಂದಳು. ಅಲ್ಲಿಟ್ಟರೆ ಪೊಲೀಸರಿಗೆ ಸಿಗುವುದಿಲ್ಲ ನೋಡಿ.

ಮರುದಿನ ಉತ್ತರ ಬಂದಿತ್ತು. ಬರೆದವಳು ಮಾರ್ಟಾ, ಆ ಪ್ರೋಗ್ರಾಂ ನೋಡಿಕೊಳ್ಳುವವರಲ್ಲಿ ಒಬ್ಬಳು. "ಮುಬಾಶಿರಾ, ನೀವು ಏನನ್ನೂ ಕದ್ದಿಲ್ಲ. ಬೇರೆ ಬೇರೆ ದೇಶಗಳ ನಾವು ಬಿಡುವಿನ ವೇಳೆಯಲ್ಲಿ ಕೂಡಿ ಇದನ್ನು ಬರೆದಿದ್ದೇವೆ. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ತಿದ್ದಬಹುದು. ನಿಮ್ಮಂಥ ಯಂತ್ರ ನಮ್ಮಲ್ಲಿ ಯಾರ ಬಳಿಯೂ ಉಳಿದಿಲ್ಲ. ಪರೀಕ್ಷೆ ಮಾಡುವವರಿಲ್ಲದೆ ಕೈಬಿಡಲು ಹೊರಟಿದ್ದೆವು. ಹೊಸ ಆವೃತ್ತಿ ಬಂದಾಗಲೆಲ್ಲ ಒಂದು ತುಂಡು ಹೊಲಿದು ತೋರಿಸುತ್ತೀರಾ? ಹಾಗಿದ್ದರೆ ಯಂತ್ರ ಉಳಿಯುತ್ತದೆ."

ಫೋನಿನಿಂದ ಮತ್ತೆ ಮತ್ತೆ ಓದಿಸಿಕೊಂಡಳು. ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಂತಾಯಿತು. ಹಾಯಾಗಿ ಒಂದು ಉಸಿರು ಬಿಟ್ಟಳು, ಮರುಕ್ಷಣವೇ ಸಿಟ್ಟು ನೆತ್ತಿಗೇರಿ ಜಾಕೀರನಿಗೆ ಫೋನು ಹಚ್ಚಿದಳು.

"ಏನ್ರೀ ಭಾಯಿ, ಸುಳ್ಳಸುಳ್ಳ ನನ್ನ ಕಳ್ಳಿ ಮಾಡಿಟ್ರಲ್ಲ!"

ವಿಷಯ ತಿಳಿದ ಜಾಕೀರ, "ಖರೇನ ಆಪಾ? ನನಗೂ ಪುಕ್ಕಟ ಸಿಕ್ಕಿತ್ರಿ. ಇಷ್ಟು ಛಲೋ ಮಾಲು ಪುಕ್ಕಟ ಅಂದ್ರ ಕದ್ದದ್ದ ಇರಬೇಕು ಅನ್ಕೊಂಡೆ. ನಾನೂ ಇಲ್ಲೀತನ ಅಂಜಿಕೋತನ ಅದೀನ್ರಿ!" ಎಂದ. ಮುಬಾಶಿರಾಳ ಸಿಟ್ಟು ಎಲ್ಲಿ ಹೋಯಿತೋ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅದೇ ವಾರ ಹೊಸ ಆವೃತ್ತಿ ಬಂದ ದಿನ ಮಾದರಿ ಹೊಲಿಯಲು ಬಟ್ಟೆಯ ತುಂಡು ಹುಡುಕಿದಳು. ಮನೆಯಲ್ಲಿ ಒಂದು ಚೂರಾದರೂ ಇದ್ದರೆ ತಾನೆ? ಎಲ್ಲವೂ ಗಿರಾಕಿಗಳ ಮನೆ ಸೇರಿದ್ದವು. ಸುತ್ತ ನೋಡಿದಳು. ಲ್ಯಾಪ್‌ಟಾಪಿನ ಪಕ್ಕ ಹಸಿರು ದುಪಟ್ಟಾ ಬಿದ್ದಿತ್ತು. ಎತ್ತಿಕೊಂಡು ಕತ್ತರಿ ಹಾಕಿದಳು, ಫ್ರೇಮಿಗೆ ಬಿಗಿದಳು, ಯಂತ್ರ ಹಚ್ಚಿದಳು. ಗರಿ ಬಿಚ್ಚಿದ ಇಡೀ ನವಿಲು, ಒಂದು ಎಳೆಯೂ ತಪ್ಪದೆ ಬಂತು. ಫೋಟೋ ತೆಗೆದು ಬಳಗಕ್ಕೆ ಕಳಿಸುತ್ತಿದ್ದಾಗ ಶಾಂತಕ್ಕ ಬಾಗಿಲಿಗೆ ಬಂದಳು.

"ಅಯ್ಯ, ಅದನ್ನ ಕತ್ತರಿಸಿಬಿಟ್ಟೇನು! ಇನ್ನ ಕಂಪ್ಯೂಟರಿಗೆ ಏನು ಹೊಚ್ಚತೀ?"

"ಇನ್ನ ಯಾಕ ಹೊಚ್ಚಬೇಕ್ರೀ ಅಕ್ಕಾರ?" ಎಂದ ಮುಬಾಶಿರಾ ಲ್ಯಾಪ್‌ಟಾಪನ್ನು ಓಣಿಯ ಕಡೆಗೆ ತಿರುಗಿಸಿಟ್ಟು, ನವಿಲಿನ ಕೆಂಪು ಕುತ್ತಿಗೆ ಬಿಚ್ಚಲು ಸೀಮಂತದ ರವಿಕೆ ಕೈಗೆತ್ತಿಕೊಂಡಳು.